ಊರಿನ ನೆಂಟರಿಗೆ ದೆಹಲಿಯಲ್ಲಿ ಗಾಂಧೀಜಿಯನ್ನು ತೋರಿಸುವ ಕ್ರಮ

ಹಾವೇರಿ ಕಡೆಯಿಂದ ಯಾರೇ ಬರಲಿ, ರೈಲಿನಿಂದ ಇಳಿದವರೇ ರಾಜಘಾಟ್ ಕೇಳುತ್ತಾರೆ. ಮೊದಮೊದಲು ನಾನೂ ನೇರ ಅಲ್ಲಿಗೇ ಕರೆದೊಯ್ಯುತ್ತಿದ್ದೆ. ಹತ್ತು ನಿಮಿಷದಲ್ಲಿ ಒಂದು ಸುತ್ತು ಮುಗಿದು ‘ಇಷ್ಟೇನಾ?’ ಎಂಬ ಮುಖ ಮಾಡುತ್ತಿದ್ದರು. ಈಗ ರಾಜಘಾಟನ್ನು ಕಡೆಗೆ ಇಡುತ್ತೇನೆ.

ಸೋಮವಾರ ಮಾತ್ರ ಹೊರಡಬೇಡಿ, ಗಾಂಧಿ ಸ್ಮೃತಿಗೂ ವಸ್ತುಸಂಗ್ರಹಾಲಯಕ್ಕೂ ಅಂದು ರಜೆ. ಸಾಧ್ಯವಾದರೆ ಶುಕ್ರವಾರ ಹೋಗಿ. ಗಾಂಧೀಜಿ ತೀರಿಕೊಂಡ ವಾರವಾದ್ದರಿಂದ ರಾಜಘಾಟ್‌ನಲ್ಲಿ ಅಂದು ಪ್ರಾರ್ಥನೆ ಇರುತ್ತದೆ.

ಬೆಳಿಗ್ಗೆ ಬಿಸಿಲೇರುವ ಮೊದಲೇ ಸರ್ದಾರ್ ಪಟೇಲ್ ಮಾರ್ಗದ ಗ್ಯಾರಾ ಮೂರ್ತಿ. ದೇವಿಪ್ರಸಾದ್ ರಾಯ್ ಚೌಧರಿ ಅವರ ಶಿಲ್ಪ. ಕೋಲೂರಿದ ಗಾಂಧೀಜಿ ಮುಂದೆ, ಹಿಂದೆ ಹತ್ತು ಜನ. ಹಳೆಯ ಐನೂರರ ನೋಟಿನ ಹಿಂಬದಿಯ ದಂಡಿ ಯಾತ್ರೆ ನೆನಪಿದ್ದವರು ತಟ್ಟನೆ ಗುರುತಿಸುತ್ತಾರೆ. ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಆ ಯಾತ್ರೆಯಲ್ಲಿ ನಡೆದವರು ಎಂದು ಇಲ್ಲೇ ಹೇಳಿ. ಹೋದ ಸಲ ಕಾಕಾ ಆ ಹತ್ತು ಜನರಲ್ಲಿ ಮಹಾದೇವಪ್ಪ ಯಾರೆಂದು ಹುಡುಕಲು ನಿಂತುಬಿಟ್ಟರು. ಅವರ ಮೂರ್ತಿ ಇಲ್ಲಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಅಲ್ಲಿಂದ ಆಟೊ ಹಿಡಿದು ತೀಸ್ ಜನವರಿ ಮಾರ್ಗದ ಗಾಂಧಿ ಸ್ಮೃತಿಗೆ, ಅಂದರೆ ಹಿಂದಿನ ಬಿರ್ಲಾ ಭವನಕ್ಕೆ ಹೋಗಿ. ದಿನದ ಹೆಚ್ಚಿನ ಹೊತ್ತನ್ನು ಇಲ್ಲಿಗೇ ಮೀಸಲಿಡಿ. ಗಾಂಧೀಜಿ ಕೊನೆಯ 144 ದಿನ ಇದ್ದ ಕೋಣೆಯಲ್ಲಿ ನೆಲದ ಹಾಸಿಗೆಯೊಂದನ್ನು ಕಂಡು ಹೆಂಗಸರು ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತಾರೆ, ಅವಸರ ಪಡಿಸಬೇಡಿ. ಕೋಣೆಯ ಹೊರಗಿನಿಂದ ಹುಲ್ಲುಹಾಸಿನವರೆಗೆ ಸಿಮೆಂಟಿನಲ್ಲಿ ಎರಕ ಹೊಯ್ದ ಹೆಜ್ಜೆಗಳಿವೆ. 1948ರ ಜನವರಿ 30ರಂದು ಪಟೇಲರ ಜೊತೆ ಮಾತು ಬೆಳೆದು ಪ್ರಾರ್ಥನೆಗೆ ತಡವಾಗಿತ್ತು, ಬಿರಬಿರನೆ ನಡೆದರು ಎಂದಷ್ಟು ಮೊದಲೇ ತಿಳಿಸಿ, ಆಮೇಲೆ ಬಾಯಿ ಮುಚ್ಚಿಕೊಳ್ಳಿ. ಕಾಕಾ ಹೆಜ್ಜೆಗಳ ಮೇಲೆ ಕಾಲಿಡದೆ ಪಕ್ಕದಲ್ಲೇ ನಡೆದರು. ಹೆಜ್ಜೆ ಮುಗಿದಲ್ಲಿ ತಲೆಯ ಟೋಪಿ ತೆಗೆದು, ಮಡಚಿ, ಜೇಬಿಗಿಟ್ಟುಕೊಂಡರು.

ರಾಜಘಾಟ್ ಎದುರಿನ ರಾಷ್ಟ್ರೀಯ ಗಾಂಧಿ ವಸ್ತುಸಂಗ್ರಹಾಲಯದಲ್ಲಿ ಅಂದಿನ ರಕ್ತ ಮೆತ್ತಿದ ಧೋತರ, ಶಾಲು ಇವೆ. ಚಿಕ್ಕ ಮಕ್ಕಳಿದ್ದರೆ ಆ ಕಡೆ ಬೇಡ.

ರಾಜಘಾಟ್‌ನ ಸಮಾಧಿ ಕಪ್ಪು ಅಮೃತಶಿಲೆಯ ಕಟ್ಟೆಯಷ್ಟೇ. ಮೂರ್ತಿಯಿಲ್ಲ, ಮುಖವಿಲ್ಲ, ‘ಹೇ ರಾಮ್’ ಎಂಬ ಎರಡು ಪದ, ಒಂದು ದೀಪ. ಆ ಹೆಜ್ಜೆಗಳನ್ನು ನೋಡಿ ಬಂದವರು ಇಲ್ಲಿ ‘ಇಷ್ಟೇನಾ’ ಎಂದದ್ದನ್ನು ನಾನು ಇದುವರೆಗೆ ಕೇಳಿಲ್ಲ. ಚಪ್ಪಲಿ ಹೊರಗೇ ಬಿಡಬೇಕು. ಮೇ ತಿಂಗಳಾದರೆ ಕಲ್ಲು ಕಾದ ಕಾವಲಿಯಂತಿರುತ್ತದೆ, ವಯಸ್ಸಾದವರಿಗೆ ದಪ್ಪನೆಯ ಕಾಲುಚೀಲ ಚೀಲದಲ್ಲಿರಲಿ.