ರೆಪ್ಪೆಯ ಗಾಯವೋ, ಕಣ್ಣಗುಡ್ಡೆಯ ಗಾಯವೋ: ಕೋಡಿಂಗ್ ಕೆಲಸದಲ್ಲಿ ನನ್ನ ಅನುಭವ

ಅಮೆರಿಕದ ತುರ್ತು ಚಿಕಿತ್ಸಾ ವಿಭಾಗಗಳ ದಾಖಲೆಗಳಿಗೆ ಐಸಿಡಿ-10-ಸಿಎಂ ಕೋಡ್‌ಗಳನ್ನು, ಅಂದರೆ ಕಾಯಿಲೆ-ಗಾಯಗಳನ್ನು ಗುರುತಿಸುವ ಸಂಕೇತಗಳನ್ನು, ನೀಡುವ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕಣ್ಣಿನ ಸುತ್ತಲಿನ ಸಣ್ಣಪುಟ್ಟ ಗಾಯಗಳ ಚಾರ್ಟ್‌ಗಳು ಬಂದರೆ ನನಗೆ ನಿರಾಳವೆನಿಸುತ್ತಿತ್ತು. ಅವು ಸುಲಭವೆಂಬ ನನ್ನ ಎಣಿಕೆ ತಪ್ಪೆಂದು ತೋರಿಸಿಕೊಟ್ಟದ್ದು ಆಡಿಟ್‌ನಿಂದ ಮರಳಿ ಬಂದ ಒಂದು ಚಾರ್ಟ್.

ಅದರ ರೋಗನಿರ್ಣಯದ ಸಾಲಿನಲ್ಲಿ ‘ಎಡಗಣ್ಣಿಗೆ ಮೂಗೇಟು’ ಎಂದಷ್ಟೇ ಇತ್ತು. ನಾನು ಆ ಒಂದು ಸಾಲನ್ನು ನಂಬಿ ಎಸ್05.1 ಗುಂಪಿನ ಕೋಡ್ ನೀಡಿದ್ದೆ. ಆದರೆ ವೈದ್ಯರು ಮುಂದಿನ ಪುಟದಲ್ಲಿ, ಪೆಟ್ಟು ರೆಪ್ಪೆಗೆ ಮಾತ್ರ ಸೀಮಿತವಾಗಿದೆ, ರೆಪ್ಪೆ ಊದಿ ಕಂದುಗಟ್ಟಿದೆ, ಕಣ್ಣಗುಡ್ಡೆಗೆ ಏನೂ ಆಗಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದರು. ಎಸ್05.1 ಇರುವುದು ಕಣ್ಣಗುಡ್ಡೆ ಮತ್ತು ಕಣ್ಣುಗೂಡಿನ ಅಂಗಾಂಶಗಳ ಮೂಗೇಟಿಗೆ. ಪೆಟ್ಟಿನಿಂದ ಕಣ್ಣಿನ ಮುಂಭಾಗದ ಕೋಣೆಯಲ್ಲಿ ರಕ್ತ ಸೇರುವ ಹೈಫೀಮಾ ಕೂಡ ಅದರಲ್ಲೇ ಬರುತ್ತದೆ. ರೆಪ್ಪೆ ಮತ್ತು ಅದರ ಸುತ್ತಲಿನ ಚರ್ಮ ಕಪ್ಪಾಗುವ ಸಾಮಾನ್ಯ ‘ಬ್ಲ್ಯಾಕ್ ಐ’ಗೆ ಎಸ್00.1 ಸಲ್ಲಬೇಕು. ಕಣ್ಣಗುಡ್ಡೆಗೆ ಎಂದೂ ಆಗದ ಗಾಯವೊಂದನ್ನು ನಾನು ಆ ರೋಗಿಯ ವೈದ್ಯಕೀಯ ಇತಿಹಾಸಕ್ಕೆ ಸೇರಿಸಿಬಿಟ್ಟಿದ್ದೆನೆಂಬುದು ನನ್ನನ್ನು ಬಹಳ ಕಾಡಿತು.

ಅಂದಿನಿಂದ ನಾನು ಚಾರ್ಟನ್ನು ಪೂರ್ತಿ ಓದಿ, ಪೆಟ್ಟು ಬಿದ್ದದ್ದು ಯಾವ ಅಂಗಾಂಶಕ್ಕೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುತ್ತೇನೆ. ಚರ್ಮದ ಮೇಲಿನ ತರಚು ಗಾಯ ಅಥವಾ ಕೀಟದ ಕಡಿತವಾದರೆ ಎಸ್00.2, ಚರ್ಮ ಸೀಳಿದ್ದರೆ ಎಸ್01.1, ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ತರಚಿದ್ದರೆ ಎಸ್05.0. ಹುಬ್ಬಿನ ಸೀಳು ಗಾಯವನ್ನು ಐಸಿಡಿಯ ಅಕಾರಾದಿ ಸೂಚಿಯಲ್ಲಿ ಹುಡುಕಿದರೆ ಅದು ರೆಪ್ಪೆಯ ಗಾಯದ ಕಡೆಗೇ ಕಳುಹಿಸುತ್ತದೆ. ಅದೇ ಗಾಯ ಹಣೆಯ ಮೇಲಿದ್ದರೆ ಎಸ್01.8ಕ್ಕೆ ಹೋಗಬೇಕಾಗುತ್ತದೆ. ಎಲ್ಲಿ ಹುಬ್ಬು ಮುಗಿದು ಹಣೆ ಶುರುವಾಗುತ್ತದೆಂಬುದನ್ನು ನಿರ್ಧರಿಸಬೇಕಾದವರು ವೈದ್ಯರೇ ಹೊರತು ನಾನಲ್ಲವಾದ್ದರಿಂದ, ಬರಹ ಅಸ್ಪಷ್ಟವಾಗಿದ್ದಾಗ ಊಹಿಸದೆ ಅವರಿಗೆ ಕ್ವೆರಿ, ಅಂದರೆ ಸ್ಪಷ್ಟನೆ ಕೋರುವ ಪ್ರಶ್ನೆ, ಕಳುಹಿಸುತ್ತೇನೆ.

ಒಂದು ಚಾರ್ಟ್ ನನಗೆ ಪಾಠದಂತೆ ನೆನಪಿನಲ್ಲಿದೆ. ರೋಗಿ ಎಡವಿ ಬೀಳುವಾಗ ಮೇಜಿನ ಅಂಚು ತಗುಲಿ ಎಡ ಹುಬ್ಬಿನಲ್ಲಿ ಎರಡು ಸೆಂಟಿಮೀಟರ್ ಉದ್ದದ ಸೀಳು ಗಾಯವಾಗಿತ್ತು, ಅದರ ಸುತ್ತ ಚರ್ಮ ಕಂದಿತ್ತು. ಫ್ಲೂರೊಸೀನ್ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡಿದಾಗ ಕಾರ್ನಿಯಾದ ಮೇಲೆ ಹಸಿರಾಗಿ ಹೊಳೆಯುವ ಸಣ್ಣ ಗೆರೆ ಕಾಣಿಸಿದ್ದರಿಂದ ವೈದ್ಯರು ಕಾರ್ನಿಯಾ ತರಚಿದೆಯೆಂದು ಬರೆದಿದ್ದರು. ಹುಬ್ಬಿನ ಗಾಯಕ್ಕೆ ಎಸ್01.112, ಕಾರ್ನಿಯಾಕ್ಕೆ ಎಸ್05.02 ನೀಡಿದೆ, ಇವೆರಡನ್ನೂ ಒಟ್ಟಿಗೆ ದಾಖಲಿಸಲು ಅಡ್ಡಿಯಿಲ್ಲ. ಆದರೆ ಕಂದಿದ ಚರ್ಮಕ್ಕೆ ಬೇರೆ ಕೋಡ್ ನೀಡಲಿಲ್ಲ, ಏಕೆಂದರೆ ಅದೇ ಜಾಗದಲ್ಲಿ ಹೆಚ್ಚು ತೀವ್ರವಾದ ಗಾಯವಿದ್ದಾಗ ಮೇಲ್ಮೈ ಗಾಯವನ್ನು ಪ್ರತ್ಯೇಕವಾಗಿ ಎಣಿಸಬಾರದೆಂದು ಮಾರ್ಗಸೂಚಿ ಹೇಳುತ್ತದೆ. ಈ ಗಾಯದ ಕೋಡ್‌ಗಳಿಗೆ ಚಿಕಿತ್ಸೆಯ ಹಂತ ತಿಳಿಸುವ ಏಳನೆಯ ಅಕ್ಷರವೊಂದು ಬೇಕು; ಎಸ್01.112ರಲ್ಲಿ ಆರು ಅಕ್ಷರಗಳಿರುವುದರಿಂದ ಏಳನೆಯದಾಗಿ ನೇರವಾಗಿ ‘ಎ’ ಬರುತ್ತದೆ, ಎಸ್05.02ರಲ್ಲಿ ಐದೇ ಇರುವುದರಿಂದ ನಡುವೆ ‘ಎಕ್ಸ್’ ತುಂಬಿದ ನಂತರವೇ ‘ಎ’ ಬರೆಯಬೇಕು. ಈ ಒಂದು ‘ಎಕ್ಸ್’ ಮರೆತರೆ ಕೋಡ್ ಅಮಾನ್ಯವಾಗುತ್ತದೆ. ಒಂದೇ ಪದರದ ಸರಳ ಹೊಲಿಗೆಗೆ ಸಿಪಿಟಿಯ (ಮಾಡಿದ ಚಿಕಿತ್ಸೆಗೆ ನೀಡುವ ಕೋಡ್‌ಗಳ ಪಟ್ಟಿ) 12011 ಸಾಕಾಯಿತು, ಏಕೆಂದರೆ ಅದು ಮುಖದ ಮೇಲಿನ 2.5 ಸೆಂಟಿಮೀಟರ್‌ವರೆಗಿನ ಗಾಯಕ್ಕೆ ಅನ್ವಯಿಸುತ್ತದೆ. ಅದೇ ಸೀಳು ರೆಪ್ಪೆಯ ಅಂಚನ್ನೇ ಭೇದಿಸಿದ್ದರೆ ರೆಪ್ಪೆಯ ಹೊಲಿಗೆಗೇ ಇರುವ 67930 ಅಥವಾ 67935ನ್ನು ಪರಿಶೀಲಿಸಬೇಕಾಗುತ್ತಿತ್ತು.

ಏಳನೆಯ ಅಕ್ಷರದ ‘ಎ’ ಎಂದರೆ ಮೊದಲ ಭೇಟಿ ಎಂದು ಅನೇಕರು ತಿಳಿಯುತ್ತಾರೆ, ನಾನೂ ಹಾಗೆಯೇ ತಿಳಿದಿದ್ದೆ. ಅದು ಗಾಯಕ್ಕೆ ಸಕ್ರಿಯ ಚಿಕಿತ್ಸೆ ನಡೆಯುತ್ತಿರುವುದನ್ನು ಸೂಚಿಸುತ್ತದೆ. ಗಾಯ ಮಾಯುತ್ತಿರುವಾಗ ಹೊಲಿಗೆ ಬಿಚ್ಚಿಸಿಕೊಳ್ಳಲು ಬಂದರೆ ಅದೇ ಗಾಯದ ಕೋಡ್‌ಗೆ ‘ಡಿ’ ಸೇರಿಸಬೇಕು.

ಕಣ್ಣಿಗೆ ಕಸ ಬಿದ್ದ ಚಾರ್ಟ್‌ಗಳಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಕಾರ್ನಿಯಾದಲ್ಲಿ ಕಸ ಇನ್ನೂ ಇದ್ದು ವೈದ್ಯರು ಅದನ್ನು ತೆಗೆದಿದ್ದರೆ ಟಿ15.0 ಬರುತ್ತದೆ, ಎಸ್05.0 ಅದರ ಜೊತೆ ಬರಕೂಡದು, ಏಕೆಂದರೆ ಅದರ ವಿವರಣೆಯಲ್ಲೇ ‘ಬಾಹ್ಯ ವಸ್ತುವಿಲ್ಲದ’ ಎಂಬ ಮಾತಿದೆ. ಕಸ ತೆಗೆದದ್ದು ಸ್ಲಿಟ್ ಲ್ಯಾಂಪ್ (ಕಣ್ಣನ್ನು ದೊಡ್ಡದಾಗಿ ತೋರಿಸುವ ಪರೀಕ್ಷಾ ಉಪಕರಣ) ಬಳಸಿಯಾದರೆ ಸಿಪಿಟಿಯ 65222, ಇಲ್ಲವಾದರೆ 65220. ಸ್ಲಿಟ್ ಲ್ಯಾಂಪ್‌ನ ಉಲ್ಲೇಖ ಪರೀಕ್ಷೆಯ ಭಾಗದಲ್ಲಿ ಮಾತ್ರವಿದ್ದು ಕಸ ತೆಗೆದ ವಿವರದಲ್ಲಿ ಇಲ್ಲದಿದ್ದರೆ, ನಾನು 65222 ಹಾಕುವ ಮೊದಲು ವೈದ್ಯರನ್ನು ಕೇಳಿಯೇ ಮುಂದುವರಿಯುತ್ತೇನೆ.