ಬಳ್ಳಾರಿ ಧೂಳಿನಲ್ಲಿ ಸ್ಯಾನ್ ಸ್ಟಾರ್ಮ್ ಎಂಜಿನ್ ಬೇರಿಂಗ್ ಬದಲಿಸಿದ್ದು: ನನ್ನ ಅನುಭವ

ಎಂಜಿನ್ ಬೇರಿಂಗ್ (ತಿರುಗುವ ಕ್ರ್ಯಾಂಕ್ ದಂಡಕ್ಕೂ ಅದನ್ನು ಹಿಡಿದ ಭಾಗಕ್ಕೂ ನಡುವಿನ ಲೋಹದ ಪಟ್ಟಿ) ಹೋದರೆ ಹೊಸದು ಹಾಕುವುದು ಅರ್ಧ ಕೆಲಸ. ಯಾಕೆ ಹೋಯಿತು ಅಂತ ಹುಡುಕುವುದು ಇನ್ನರ್ಧ. ಬಳ್ಳಾರಿಯಲ್ಲಿ ಕಾರು ಇಟ್ಟುಕೊಂಡವರು ಆ ಎರಡನೇ ಅರ್ಧ ಬಿಡಲೇಬಾರದು.

ನನ್ನದು ಸ್ಯಾನ್ ಸ್ಟಾರ್ಮ್. ಗೋವಾದಲ್ಲಿ ತಯಾರಾದ, ಎರಡು ಬಾಗಿಲಿನ, ಫೈಬರ್ ಬಾಡಿಯ ಓಪನ್ ಕಾರು. ಒಳಗಿರುವುದು ರೆನೋ ಕಂಪನಿಯ 1149 ಸಿಸಿ ಪೆಟ್ರೋಲ್ ಎಂಜಿನ್, ಸುಮಾರು 60 ಹಾರ್ಸ್ ಪವರ್. ಹೊರದೇಶದಲ್ಲಿ ರೆನೋ ಟ್ವಿಂಗೋ ಕಾರಿಗೂ ಇದೇ ಬಳಗದ ಎಂಜಿನ್ ಬರುತ್ತಿತ್ತು, ಹಾಗಾಗಿ ಬೇರಿಂಗ್ ಸಿಗುತ್ತದೆ. ಕಾರು ಹಗುರ, ಮಳೆ ನಿಂತ ಮೇಲೆ ಸಂಡೂರಿನ ಗುಡ್ಡದ ತಿರುವುಗಳಲ್ಲಿ ಓಡಿಸಿದರೆ ಗೊತ್ತಾಗುತ್ತದೆ ಅದರ ಸುಖ.

ತೊಂದರೆ ಶುರುವಾಗಿದ್ದು ಬೇಸಿಗೆಯಲ್ಲಿ. ಎಂಜಿನ್ ಕಾದ ಮೇಲೆ, ಆಕ್ಸಿಲರೇಟರ್ ಒತ್ತಿದಾಗ ಕೆಳಗಿನಿಂದ ಟಕ್ ಟಕ್ ಅನ್ನುವ ದಪ್ಪ ಸದ್ದು. ಐಡಲ್‌ನಲ್ಲಿ ಆಯಿಲ್ ಲೈಟ್ ಮಿಣುಕುತ್ತಿತ್ತು. ಪೆಟ್ರೋಲ್ ಚಿಮ್ಮಿಸುವ ಒಂದೊಂದೇ ಇಂಜೆಕ್ಟರ್‌ನ ಕನೆಕ್ಟರ್ ಕಳಚಿ ಕೇಳಿದೆ. ಮೂರನೇ ಸಿಲಿಂಡರ್‌ದು ಕಳಚಿದಾಗ ಸದ್ದು ಇಳಿಯಿತು. ಆ ಸಿಲಿಂಡರ್‌ನಲ್ಲಿ ಪೆಟ್ರೋಲ್ ಉರಿಯದಿದ್ದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಮೇಲೆ ಹೊಡೆತ ಬೀಳುವುದಿಲ್ಲ, ಅದಕ್ಕೆ. ಇಂಥ ಸದ್ದು ಕೇಳಿದ ಮೇಲೆ ಓಡಿಸಲೇಬೇಡಿ. ಬೇರಿಂಗ್ ತಾನು ಕೂತ ಜಾಗದಲ್ಲೇ ತಿರುಗಿಬಿಟ್ಟರೆ ಕ್ರ್ಯಾಂಕೂ ಹೋಗುತ್ತದೆ, ರಾಡೂ ಹೋಗುತ್ತದೆ.

ಆಯಿಲ್ ಬಿಚ್ಚಿ ಬಿಸಿಲಿಗೆ ಹಿಡಿದರೆ ಮಿರಮಿರ ಹೊಳೆಯುವ ಪುಡಿ. ಅದರಲ್ಲಿ ಮ್ಯಾಗ್ನೆಟ್ ಆಡಿಸಿದೆ. ಅಂಟಲಿಲ್ಲ ಅಂದರೆ ಬೇರಿಂಗ್ ಲೋಹ ಅಂತ ಅನುಮಾನ ಪಡಬೇಕು, ಯಾಕೆಂದರೆ ಅದರ ಮೇಲ್ಪದರವೂ ಅದರ ಕೆಳಗಿನ ತಾಮ್ರದ ಪದರವೂ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ, ತೀರಾ ಹಿಂದಿನ ಉಕ್ಕಿನ ಪಟ್ಟಿ ಮಾತ್ರ ಅಂಟುತ್ತದೆ.

ಸೈಲೆನ್ಸರ್‌ನ ಮುಂದಿನ ಪೈಪ್ ಬಿಚ್ಚಿ, ಸಂಪ್ (ಎಂಜಿನ್ ತಳದ ಆಯಿಲ್ ತಟ್ಟೆ) ಇಳಿಸಿ, ರಾಡ್ ಕ್ಯಾಪ್ (ರಾಡನ್ನು ಕ್ರ್ಯಾಂಕಿಗೆ ಹಿಡಿದಿಡುವ ಕೆಳಗಿನ ಅರ್ಧ) ತೆಗೆದೆ. ತೆಗೆಯುವ ಮೊದಲೇ ಪ್ರತಿ ಕ್ಯಾಪ್‌ಗೂ ನಂಬರ್, ಯಾವ ಕಡೆ ಮುಖ ಅನ್ನುವ ಗುರುತು ಹಾಕಿ. ಒಂದರ ಕ್ಯಾಪ್ ಇನ್ನೊಂದಕ್ಕೆ ಹೋಗಬಾರದು. ಮೂರನೆಯದರ ಮೇಲಿನ ಶೆಲ್‌ನಲ್ಲಿ (ಬೇರಿಂಗ್‌ನ ಅರ್ಧ ಬಳೆ) ತಾಮ್ರ ಕಾಣುತ್ತಿತ್ತು. ಉಳಿದವುಗಳಲ್ಲೂ ಕೂದಲಿನಷ್ಟು ಸಣ್ಣ ಗೀರುಗಳು, ಅವುಗಳಲ್ಲಿ ಕಪ್ಪು, ಕೆಂಪು ಕಣಗಳು ಕೂತಿದ್ದವು. ಬೇರಿಂಗ್‌ನ ಮೇಲ್ಪದರ ಮೆತ್ತಗಿರುವುದೇ ಇದಕ್ಕೆ, ಸಣ್ಣ ಕಸ ಬಂದರೆ ಅದು ತನ್ನೊಳಗೆ ನುಂಗಿ ಕ್ರ್ಯಾಂಕನ್ನು ಉಳಿಸುತ್ತದೆ. ಆದರೆ ಎಷ್ಟು ಅಂತ ನುಂಗೀತು?

ಇಷ್ಟೆಲ್ಲ ಧೂಳು ಬಂದದ್ದು ಎಲ್ಲಿಂದ? ಏರ್ ಫಿಲ್ಟರ್‌ನಿಂದ ಥ್ರಾಟಲ್‌ಗೆ ಹೋಗುವ ರಬ್ಬರ್ ಪೈಪ್ ತೆಗೆದು ನೋಡಿದೆ. ಮಡಿಕೆಯೊಳಗೆ ಸೀಳು, ಮೇಲಿನಿಂದ ಕಾಣುತ್ತಲೇ ಇರಲಿಲ್ಲ. ಒಳಗೋಡೆಗೆ ಕೆಂಪು ಮಣ್ಣು ಮೆತ್ತಿತ್ತು. ಕುಡತಿನಿ, ತೋರಣಗಲ್ಲು, ಸಂಡೂರು ಕಡೆ ಅದಿರು ಲಾರಿಗಳ ಹಿಂದೆ ಹೋದವರಿಗೆ ಆ ಧೂಳು ಎಷ್ಟು ಗಟ್ಟಿ ಅಂತ ಹೇಳಬೇಕಾಗಿಲ್ಲ ಅಲ್ವಾ? ಫಿಲ್ಟರ್ ದಾಟಿ ಬಂದದ್ದು ಪಿಸ್ಟನ್ ರಿಂಗ್ ಪಕ್ಕದಿಂದ ಆಯಿಲ್‌ಗೆ ಇಳಿಯುತ್ತದೆ, ಅಲ್ಲಿಂದ ಬೇರಿಂಗ್‌ಗೆ.

ಹೊಸ ಶೆಲ್ ತರಿಸುವ ಮೊದಲು ಕ್ರ್ಯಾಂಕ್ ಅಳೆಯಬೇಕು. ಉಗುರು ಎಳೆದರೆ ಗೀರಿಗೆ ಸಿಕ್ಕಿಕೊಳ್ಳಬಾರದು. ಲಾರಿ ಎಂಜಿನ್ ಕಟ್ಟುವ ಲೇತ್ ಅಂಗಡಿಯವರ ಮೈಕ್ರೋಮೀಟರ್ ಪಡೆದು ಕ್ರ್ಯಾಂಕಿನ ಪ್ರತಿ ಜರ್ನಲ್‌ಗೂ (ಬೇರಿಂಗ್ ಹಿಡಿಯುವ ದುಂಡು ಭಾಗ) ಅಡ್ಡ, ಉದ್ದ ಎರಡೂ ಕಡೆ ಅಳತೆ ಬರೆದುಕೊಂಡೆ. ನನ್ನ ಪುಣ್ಯ, ಸ್ಟ್ಯಾಂಡರ್ಡ್ ಸೈಜಿನಲ್ಲೇ ಇತ್ತು. ಇಲ್ಲದಿದ್ದರೆ ಕ್ರ್ಯಾಂಕ್ ಹೊರತೆಗೆದು ಗ್ರೈಂಡ್ ಮಾಡಿಸಿ 0.25 ಮಿಮೀ ಅಂಡರ್‌ಸೈಜ್ ಶೆಲ್ (ಸಣ್ಣಗಾದ ಕ್ರ್ಯಾಂಕಿಗೆ ಸರಿಹೊಂದುವಂತೆ ದಪ್ಪಗಿರುವುದು) ಹಾಕಬೇಕಾಗುತ್ತಿತ್ತು.

ಜೋಡಿಸಿದ್ದು ರಾತ್ರಿ, ಗಾಳಿ ನಿಂತ ಮೇಲೆ. ನೆಲಕ್ಕೆ ನೀರು ಚಿಮುಕಿಸಿ, ಸುತ್ತ ಪ್ಲಾಸ್ಟಿಕ್ ಕಟ್ಟಿದೆ. ಶೆಲ್‌ನ ಬೆನ್ನು ಮತ್ತು ಅದು ಕೂರುವ ಜಾಗ ಒಣಗಿರಬೇಕು, ಅಲ್ಲಿ ಆಯಿಲ್ ಹಚ್ಚಬಾರದು. ಮೊದಲು ಹಸಿರು ಪ್ಲಾಸ್ಟಿಗೇಜ್ (ಸಂದು ಅಳೆಯುವ ಮೆತ್ತನೆಯ ಪ್ಲಾಸ್ಟಿಕ್ ದಾರ) ಇಟ್ಟು ಕ್ಯಾಪ್ ಟಾರ್ಕ್ ಮಾಡಿ (ಹೇಳಿದಷ್ಟೇ ಬಲದಲ್ಲಿ ಬಿಗಿದು), ಕ್ರ್ಯಾಂಕ್ ಅಲ್ಲಾಡಿಸದೆ ಬಿಚ್ಚಿ ನೋಡಿದೆ. ಇದು 0.025ರಿಂದ 0.076 ಮಿಮೀವರೆಗಿನ ಸಂದು ತೋರಿಸುತ್ತದೆ. ನಾಲ್ಕೂ ಸುಮಾರು 0.04 ಬಂದವು. ಆಮೇಲೆ ಆ ದಾರ ಒರೆಸಿ, ಅಸೆಂಬ್ಲಿ ಲೂಬ್ ಹಚ್ಚಿ, ಹೊಸ ಬೋಲ್ಟ್ ಹಾಕಿ ಮ್ಯಾನುಯಲ್‌ನ ಟಾರ್ಕ್‌ಗೆ ಬಿಗಿದೆ. ಪ್ರತಿ ಕ್ಯಾಪ್ ಬಿಗಿದ ಮೇಲೂ ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿ ನೋಡಿ. ಎಲ್ಲಾದರೂ ಹಿಡಿದರೆ ಅಲ್ಲೇ ನಿಲ್ಲಿಸಿ.

ಆಯಿಲ್ ಪಂಪ್‌ನ ಜಾಲರಿ ತೊಳೆದೆ. ಸಂಪ್‌ಗೆ ಸಿಲಿಕೋನ್ ಸೀಲಂಟ್ ತೆಳ್ಳಗೆ ಹಚ್ಚಿ, ಜಾಸ್ತಿ ಹಚ್ಚಿದರೆ ತುಣುಕು ಕಿತ್ತು ಅದೇ ಜಾಲರಿಗೆ ಹೋಗಿ ಕೂರುತ್ತದೆ. ಎಂಜಿನ್ ಹತ್ತದಂತೆ ಇಂಜೆಕ್ಟರ್ ಕನೆಕ್ಟರ್ ಕಳಚಿಟ್ಟೇ ಸ್ಟಾರ್ಟರ್ ಸುತ್ತಿಸಿದೆ. ಆಯಿಲ್ ಲೈಟ್ ಆರಿದ ಮೇಲೆಯೇ ಸ್ಟಾರ್ಟ್ ಮಾಡಿದ್ದು. ಸದ್ದು ಇರಲಿಲ್ಲ!

ಇದರ ಜೊತೆಗೇ ರೇಡಿಯೇಟರ್ ಫ್ಯಾನ್ ರಿಲೇ, ಮುಂದಿನ ಬ್ರೇಕ್ ಪ್ಯಾಡ್ ಬದಲಿಸಿದೆ. ಅವು ಸುಲಭದ ಕೆಲಸ. ರಬ್ಬರ್ ಪೈಪ್ ಹೊಸದು ಹಾಕಿ, ಎರಡೂ ತುದಿಗೆ ಸ್ಕ್ರೂ ಕ್ಲಾಂಪ್ ಕೊಟ್ಟೆ. 500 ಕಿಮೀ ಆದ ಮೇಲೆ ಆಯಿಲ್, ಫಿಲ್ಟರ್ ಬದಲಿಸಿ, ಹಳೇ ಫಿಲ್ಟರ್ ಕೊಯ್ದು ಕಾಗದ ಬಿಡಿಸಿ ನೋಡಿದೆ. ಹೊಳಪು ಇರಲಿಲ್ಲ. ಈಗ 5000 ಕಿಮೀಗೆ ಆಯಿಲ್ ಬದಲಿಸುತ್ತೇನೆ. ಪ್ರತಿ ಸಲವೂ ಆ ಪೈಪ್‌ನ ಮಡಿಕೆಗಳನ್ನು ಬಿಡಿಸಿ ಬೆಳಕು ಹಿಡಿದು ನೋಡುತ್ತೇನೆ.