ನೆರಳಿನ ತೋಟದಲ್ಲಿ ಹಾಲಿ ಫರ್ನ್ ಬೆಳೆಸುವುದು

ಬಿಸಿಲು ಬೀಳದ, ತೇವ ಆರದ ಮೂಲೆಯೊಂದು ತೋಟದಲ್ಲಿದ್ದರೆ ಅಲ್ಲಿ ಹೂವಿನ ಗಿಡಗಳನ್ನು ಒಂದಾದ ಮೇಲೊಂದು ನೆಟ್ಟು ಕಳೆದುಕೊಳ್ಳುವುದಕ್ಕಿಂತ, ಅಂಥ ಜಾಗವನ್ನೇ ಬಯಸುವ ಗಿಡವನ್ನು ತಂದು ನೆಡುವುದು ಲೇಸು. ಜರೀಗಿಡಗಳು ಆ ಬಗೆಯವು. ಅವುಗಳಲ್ಲಿ ವರ್ಷವಿಡೀ ಹಸಿರಾಗಿರುವ, ಆರೈಕೆಯಲ್ಲಿ ಸಣ್ಣಪುಟ್ಟ ತಪ್ಪಾದರೂ ತಾಳಿಕೊಳ್ಳುವ ಒಂದನ್ನು ಆರಿಸಿಕೊಳ್ಳಿ ಎಂದರೆ ನಾನು ಹಾಲಿ ಫರ್ನ್ ಅನ್ನು ಸೂಚಿಸುತ್ತೇನೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸಿರ್ಟೋಮಿಯಂ ಫಾಲ್ಕೇಟಂ. ಫಾಲ್ಕೇಟಂ ಎಂದರೆ ಕುಡುಗೋಲಿನಂತೆ ಬಾಗಿದ್ದು ಎಂದರ್ಥ. ಗರಿಯ ಎರಡೂ ಬದಿಯಲ್ಲಿರುವ ಕಿರುಎಲೆಗಳು ತುದಿಯಲ್ಲಿ ಹಾಗೆಯೇ ಬಾಗಿರುತ್ತವೆ. ಹಾಲಿ ಎಂಬ ಮರದ ಹೊಳೆಯುವ, ದಪ್ಪನೆಯ ಎಲೆಗಳನ್ನು ನೆನಪಿಸುವುದರಿಂದ ಬಳಕೆಯ ಹೆಸರು ಬಂದಿದೆ.

ಜಪಾನ್, ಕೊರಿಯಾ ಮತ್ತು ಚೀನಾದ ಕರಾವಳಿಯ ಬಂಡೆಗಳ ಸಂದುಗಳಲ್ಲಿ, ತೊರೆಯ ದಡಗಳಲ್ಲಿ ಇದು ತಾನಾಗಿ ಬೆಳೆಯುತ್ತದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆರೈಕೆಯ ಬಹುಪಾಲು ತಾನಾಗಿಯೇ ತಿಳಿಯುತ್ತದೆ. ಬಂಡೆಯ ಸಂದಿನಲ್ಲಿ ತೇವ ಇರುತ್ತದೆ, ಆದರೆ ನೀರು ನಿಲ್ಲುವುದಿಲ್ಲ. ನೆರಳು ಇರುತ್ತದೆ, ಆದರೆ ಆಕಾಶದ ಬೆಳಕು ಒಳಗೆ ಬರುತ್ತದೆ. ಕಡಲಗಾಳಿಯನ್ನು ಎದುರಿಸಿ ಬೆಳೆದ ಗಿಡವಾದ್ದರಿಂದ ಎಲೆ ತೊಗಲಿನಂತೆ ಗಟ್ಟಿಯಾಗಿದ್ದು, ತೆಳುವಾದ ಎಲೆಯ ಇತರ ಜರೀಗಿಡಗಳು ಬಾಡುವಂಥ ಒಣಹವೆಯಲ್ಲಿಯೂ ಸ್ವಲ್ಪ ಕಾಲ ತಡೆದುಕೊಳ್ಳುತ್ತದೆ.

ಜಾಗ ಆರಿಸುವಾಗ ನೆರಳು ಮತ್ತು ಕತ್ತಲೆಯ ವ್ಯತ್ಯಾಸವನ್ನು ಗಮನಿಸಬೇಕು. ಮಧ್ಯಾಹ್ನದ ಹೊತ್ತಿಗೆ ಆ ಜಾಗದಲ್ಲಿ ನೆಲದಿಂದ ಒಂದು ಅಡಿ ಎತ್ತರದಲ್ಲಿ ಅಂಗೈ ಹಿಡಿದು ನೋಡಿ. ಕೈಯ ನೆರಳು ಅಂಚು ಮಸುಕಾಗಿ ಬಿದ್ದರೆ ಬೆಳಕು ಸರಿಯಾಗಿದೆ. ಬೆರಳುಗಳನ್ನು ಎಣಿಸುವಷ್ಟು ಸ್ಪಷ್ಟವಾಗಿ ಬಿದ್ದರೆ ಬಿಸಿಲು ಹೆಚ್ಚಾಯಿತು, ಗರಿಗಳು ಹಳದಿಗೆ ತಿರುಗಿ ಅಂಚು ಸುಡುತ್ತದೆ. ನೆರಳೇ ಬೀಳದಿದ್ದರೆ ಗಿಡ ಬದುಕಿದರೂ ಹೊಸ ಗರಿಗಳು ವಿರಳವಾಗಿ, ಸೊರಗಿ ಬರುತ್ತವೆ. ಮುಂಜಾನೆಯ ಎಳೆಬಿಸಿಲಿನಿಂದ ತೊಂದರೆಯಿಲ್ಲ. ದೊಡ್ಡ ಮರದ ಬುಡದಲ್ಲಿ ನೆಡುವವರು ಒಂದು ವಿಷಯವನ್ನು ತಿಳಿದಿರಬೇಕು: ಅಲ್ಲಿ ನೆರಳು ಎಷ್ಟೇ ಚೆನ್ನಾಗಿದ್ದರೂ ಮೇಲ್ಮಣ್ಣಿನ ನೀರನ್ನೆಲ್ಲ ಮರದ ಬೇರುಗಳು ಹೀರಿಕೊಳ್ಳುತ್ತವೆ. ಬೇರುಗಳ ನಡುವೆ ಗೊಬ್ಬರದ ಮಣ್ಣು ತುಂಬಿದ ಸಣ್ಣ ಗುಳಿಗಳನ್ನು ಮಾಡಿ ನೆಟ್ಟು, ಮೊದಲ ವರ್ಷ ನೀರಿನ ಬಗ್ಗೆ ಹೆಚ್ಚು ಎಚ್ಚರ ವಹಿಸಬೇಕು.

ಮಣ್ಣು ತುಸು ಹುಳಿಯಾಗಿ, ಅಂದರೆ ರಸಸಾರ (ಪಿಎಚ್) 5.5ರಿಂದ 6.5ರ ಆಸುಪಾಸಿನಲ್ಲಿ ಇದ್ದರೆ ಉತ್ತಮ. ಆದರೆ ಈ ಅಂಕಿಗಿಂತ ಮಣ್ಣಿನ ಸಡಿಲತೆ ಮುಖ್ಯ. ನೆಡುವ ಮೊದಲು ಒಂದು ಅಡಿ ಆಳದ ಗುಳಿ ತೋಡಿ ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಎರಡನೆಯ ಸಲದ ನೀರು ಕೆಲವೇ ಗಂಟೆಗಳಲ್ಲಿ ಇಂಗಿದರೆ ಆ ಜಾಗ ಯೋಗ್ಯ. ಮರುದಿನವೂ ನಿಂತಿದ್ದರೆ ನೆಲಮಟ್ಟದಿಂದ ಅರ್ಧ ಅಡಿಯಷ್ಟು ಎತ್ತರಿಸಿದ ಪಾತಿಯನ್ನೇ ಮಾಡಬೇಕು. ಎರಡು ಪಾಲು ತೋಟದ ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ, ಒಂದು ಪಾಲು ದಪ್ಪ ಮರಳನ್ನು ಬೆರೆಸಿದರೆ ಸಾಕಾಗುತ್ತದೆ. ಅರೆಬರೆ ಕಳಿತ ಸಗಣಿಗೊಬ್ಬರವನ್ನು ಮಾತ್ರ ಹಾಕಬೇಡಿ, ಅದರ ಬಿಸಿಗೆ ಕೂದಲೆಳೆಯಂಥ ಬೇರುಗಳು ಸುಟ್ಟುಹೋಗುತ್ತವೆ.

ನೆಡುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚಿನ ಗಿಡಗಳು ಹಾಳಾಗುವುದು ಇಲ್ಲಿಯೇ. ಗಿಡವನ್ನು ಕುಂಡದಿಂದ ತೆಗೆದಾಗ ಗರಿಗಳ ದಂಟುಗಳೆಲ್ಲ ಸೇರುವ ಬುಡದಲ್ಲಿ ಕಂದು ಬಣ್ಣದ ಹೊಟ್ಟಿನಂಥ ಪೊರೆಗಳು ಮುಚ್ಚಿಕೊಂಡ ಒಂದು ಗಡ್ಡೆ ಕಾಣುತ್ತದೆ. ಅದೇ ಈ ಗಿಡದ ಗುಪ್ತಕಾಂಡ. ಪೊರೆಗಳನ್ನು ಬೆರಳಿನಿಂದ ಮೆಲ್ಲನೆ ಸರಿಸಿದರೆ ನಡುವೆ ಸುರುಳಿ ಸುತ್ತಿ ಮಲಗಿರುವ ಮುಂದಿನ ಗರಿಗಳು ಕಾಣಿಸುತ್ತವೆ. ಈ ಭಾಗ ಮಣ್ಣಿನ ಮೇಲಿರಬೇಕು. ಉಳಿದ ಗಿಡಗಳನ್ನು ನೆಡುವ ರೂಢಿಯಂತೆ ನಾನು ಮೊದಲ ಸಲ ಗಿಡ ಅಲುಗಾಡದಿರಲೆಂದು ಎರಡು ಬೆರಳು ಮಣ್ಣನ್ನು ಮೇಲೆ ಏರಿಸಿ ಒತ್ತಿದ್ದೆ. ಮಳೆ ಹಿಡಿದ ಮೂರು ವಾರದೊಳಗೆ ಸುರುಳಿಗಳು ಕಪ್ಪಾಗಿ ಮೆತ್ತಗಾದವು. ಹಳೆಯ ಗರಿಗಳು ಹಸಿರಾಗಿಯೇ ಇದ್ದುದರಿಂದ ಗಿಡ ಒಳಗೇ ಕೊಳೆಯುತ್ತಿರುವುದು ತಿಳಿಯಲೇ ಇಲ್ಲ. ಗಡ್ಡೆಯ ನೆತ್ತಿ ನೆಲಮಟ್ಟಕ್ಕೆ ಸಮನಾಗಿ ಅಥವಾ ಕೂದಲೆಳೆಯಷ್ಟು ಮೇಲೆಯೇ ಇರುವಂತೆ ಕೂರಿಸಿ, ಸುತ್ತಲಿನ ಮಣ್ಣನ್ನು ಮಾತ್ರ ಒತ್ತಿ. ಪೂರ್ತಿ ಬೆಳೆದ ಗಿಡ ಸುಮಾರು ಎರಡು ಅಡಿ ಎತ್ತರ, ಅಷ್ಟೇ ಅಗಲವಾಗುವುದರಿಂದ ಗಿಡದಿಂದ ಗಿಡಕ್ಕೆ ಒಂದೂವರೆಯಿಂದ ಎರಡು ಅಡಿ ಅಂತರ ಇರಲಿ.

ನೀರು ಹಾಕುವಾಗಲೂ ಇದೇ ನೆತ್ತಿಯನ್ನು ನೆನಪಿಡಬೇಕು. ಬೇರಿಗೆ ತೇವ ಬೇಕು, ನೆತ್ತಿಗೆ ಗಾಳಿ ಬೇಕು. ಬೆರಳನ್ನು ಮಣ್ಣಿನಲ್ಲಿ ಒಂದು ಗೆಣ್ಣಿನಷ್ಟು ಇಳಿಸಿದಾಗ ತಂಪು ತಗುಲಿದರೆ ಆ ದಿನ ನೀರು ಬೇಡ. ಹಾಕಬೇಕಾದ ದಿನ ಬೆಳಿಗ್ಗೆಯೇ, ಬುಡದ ಸುತ್ತ, ನಿಧಾನವಾಗಿ ಹಾಕಿ. ಎರಡು ಬೆರಳು ದಪ್ಪದ ತರಗೆಲೆಯ ಹೊದಿಕೆ ತೇವವನ್ನು ಉಳಿಸುವುದರ ಜೊತೆಗೆ ಕಳಿತು ಗೊಬ್ಬರವೂ ಆಗುತ್ತದೆ, ಆದರೆ ಅದು ಗಡ್ಡೆಯನ್ನು ಮುಚ್ಚದಂತೆ ನೋಡಿಕೊಳ್ಳಿ. ವರ್ಷಕ್ಕೊಮ್ಮೆ ಒಂದು ಹಿಡಿ ಕಾಂಪೋಸ್ಟ್ ಸಾಕು. ರಾಸಾಯನಿಕ ಗೊಬ್ಬರ ಕೊಡುವುದೇ ಆದರೆ ಪೊಟ್ಟಣದ ಮೇಲೆ ಹೇಳಿದ ಪ್ರಮಾಣದ ಅರ್ಧಕ್ಕಿಂತ ಹೆಚ್ಚು ಬೇಡ.

ಗರಿಗಳನ್ನು ಕತ್ತರಿಸಲು ಆತುರಪಡಬಾರದು. ನಿತ್ಯಹರಿದ್ವರ್ಣದ ಗಿಡದಲ್ಲಿ ಹಳೆಯ ಗರಿಯೇ ಹೊಸ ಗರಿಗೆ ಆಹಾರ ಒದಗಿಸುತ್ತದೆ. ಪೂರ್ತಿ ಒಣಗಿದವನ್ನು, ಹೊಸ ಸುರುಳಿಗಳು ಮೇಲೇಳುವ ಮೊದಲೇ, ಬುಡದ ಹತ್ತಿರ ಕತ್ತರಿಸಿ ತೆಗೆಯಿರಿ. ಸುರುಳಿಗಳು ಎದ್ದ ಮೇಲೆ ಕೈ ಹಾಕಿದರೆ ಅವು ಚಟ್ಟನೆ ಮುರಿಯುತ್ತವೆ.

ಇನ್ನು ರೋಗ ಮತ್ತು ಕೀಟದ ವಿಚಾರ. ಗರಿಯ ಅಡಿಭಾಗದಲ್ಲಿ ಕಂದು ಚುಕ್ಕೆಗಳನ್ನು ಕಂಡು ಗಾಬರಿಯಿಂದ ಔಷಧಿ ಸಿಂಪಡಿಸುವವರು ಬಹಳ ಮಂದಿ. ಅವು ಬಹುತೇಕ ಬೀಜಕಗಳ, ಅಂದರೆ ಬೀಜದ ಬದಲು ಜರೀಗಿಡ ಉದುರಿಸುವ ಧೂಳಿನಂಥ ಕಣಗಳ, ಗುಂಪುಗಳೇ ಆಗಿರುತ್ತವೆ. ಬೀಜಕದ ಚುಕ್ಕೆಗಳು ಗುಂಡಗೆ, ಒಂದೇ ಅಳತೆಯಲ್ಲಿ, ಕಿರುಎಲೆಯ ಅಡಿಯಲ್ಲಿ ಮಾತ್ರ ಎಳ್ಳು ಚೆಲ್ಲಿದಂತೆ ಹರಡಿಕೊಂಡಿರುತ್ತವೆ. ಚಿಪ್ಪಿನಂಥ ಹೊದಿಕೆಯಿದ್ದು ರಸ ಹೀರುವ ಶಲ್ಕಕೀಟಗಳಾದರೆ ಅಳತೆಯಲ್ಲಿ ಹೆಚ್ಚುಕಡಿಮೆಯಾಗಿ, ದಂಟಿನ ಮೇಲೆ ಮತ್ತು ನರದ ಉದ್ದಕ್ಕೆ ಅಡ್ಡಾದಿಡ್ಡಿ ಕೂತಿರುತ್ತವೆ. ಉಗುರಿನಿಂದ ಎಬ್ಬಿಸಿದರೆ ಇಡಿಯಾಗಿ ಕಳಚುತ್ತವೆ, ಎಲೆ ಅಂಟಂಟಾಗಿರುತ್ತದೆ. ಕೀಟವೆಂದು ಖಚಿತವಾದರೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುವುದೇ ಮೊದಲ ಉಪಾಯ. ಎಣ್ಣೆ ಬೆರೆತ ಔಷಧಿಗಳು ಜರೀಗಿಡದ ಎಲೆಯನ್ನು ಸುಡಬಲ್ಲವು. ಬೇವಿನ ಎಣ್ಣೆಯನ್ನು ಕೂಡ ಒಂದು ಗರಿಯ ಮೇಲೆ ಪ್ರಯೋಗಿಸಿ ಕೆಲವು ದಿನ ಕಾದು ನೋಡಿಯೇ ಮುಂದುವರಿಯಬೇಕು.

ಹೊಸ ಗಿಡ ಮಾಡಿಕೊಳ್ಳಲು ಎರಡು ದಾರಿಗಳಿವೆ. ಬುಡದಲ್ಲಿ ಒಂದಕ್ಕಿಂತ ಹೆಚ್ಚು ನೆತ್ತಿಗಳಿರುವ ಹಳೆಯ ಗಿಡವನ್ನು ಪ್ರತಿ ಭಾಗಕ್ಕೂ ಬೇರು ಉಳಿಯುವಂತೆ ಹರಿತವಾದ ಚಾಕುವಿನಿಂದ ಸೀಳಿ ನೆಡುವುದು ಸುಲಭದ ದಾರಿ. ಬೀಜಕದಿಂದ ಬೆಳೆಸುವುದಕ್ಕೆ ತಾಳ್ಮೆ ಬೇಕು, ಆದರೆ ಅದರಷ್ಟು ಸಂತೋಷ ಕೊಡುವ ಕೆಲಸ ತೋಟಗಾರಿಕೆಯಲ್ಲಿ ಕಡಿಮೆ. ಚುಕ್ಕೆಗಳು ಕಡುಕಂದು ಬಣ್ಣಕ್ಕೆ ತಿರುಗಿದ ಗರಿಯ ತುಂಡನ್ನು ಬಿಳಿಯ ಕಾಗದದ ಮೇಲೆ ಮಗುಚದೆ, ಅಡಿಭಾಗ ಕೆಳಗಿರುವಂತೆ, ಗಾಳಿಯಾಡದ ಕಡೆ ಇಡಿ. ಒಂದೆರಡು ದಿನಗಳಲ್ಲಿ ಕಾಗದದ ಮೇಲೆ ಕಂದು ಧೂಳು ಉದುರಿರುತ್ತದೆ. ಕಾಗದವನ್ನು ಓರೆ ಮಾಡಿ ಮೆಲ್ಲನೆ ತಟ್ಟಿದರೆ ಹೊಟ್ಟು ಜಾರಿಹೋಗಿ ಬೀಜಕ ಉಳಿಯುತ್ತದೆ. ಕುದಿಯುವ ನೀರು ಸುರಿದು ಆರಿಸಿದ ತೆಂಗಿನ ನಾರಿನ ಪುಡಿಯ ಮೇಲೆ ಅದನ್ನು ತೆಳುವಾಗಿ ಉದುರಿಸಿ, ಮಣ್ಣು ಮುಚ್ಚದೆ, ಪಾತ್ರೆಯ ಬಾಯಿಗೆ ಪಾರದರ್ಶಕ ಹಾಳೆ ಕಟ್ಟಿ ಬೆಳಕಿರುವ ನೆರಳಿನಲ್ಲಿಡಿ.

ಕೆಲವು ವಾರಗಳಲ್ಲಿ ಹಸಿರು ಪೊರೆಯೊಂದು ಮೂಡಿ, ಅದು ಉಗುರಿಗಿಂತ ಚಿಕ್ಕದಾದ ಹೃದಯಾಕಾರದ ತಟ್ಟೆಗಳಾಗಿ ಬಿಡಿಸಿಕೊಳ್ಳುತ್ತದೆ. ಬಹುತೇಕ ಜರೀಗಿಡಗಳಲ್ಲಿ ಈ ತಟ್ಟೆಯ ಮೇಲೆ ನೀರಿನ ಪೊರೆಯಲ್ಲಿ ಗಂಡು ಹೆಣ್ಣು ಕಣಗಳು ಕೂಡಿ ಗರ್ಭಾಂಕುರವಾದ ಮೇಲೆಯೇ ಹೊಸ ಗಿಡ ಹುಟ್ಟುತ್ತದೆ; ತಟ್ಟೆ ಒಂದು, ಗರಿಯ ಗಿಡ ಇನ್ನೊಂದು ಎಂಬ, ಸಸ್ಯಗಳ ಈ ಎರಡು ತಲೆಮಾರುಗಳ ಸರದಿಯನ್ನು ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಹಾಫ್‌ಮೈಸ್ಟರ್ 1851ರಲ್ಲಿ ವಿವರಿಸಿದರು. ತೋಟಗಳಲ್ಲಿ ಬೆಳೆಯುವ ಹಾಲಿ ಫರ್ನ್ ಸಾಮಾನ್ಯವಾಗಿ ಗರ್ಭಾಂಕುರದ ಹಂಗಿಲ್ಲದೆ ತಟ್ಟೆಯಿಂದಲೇ ನೇರವಾಗಿ ಗಿಡವನ್ನು ಚಿಗುರಿಸುತ್ತದೆ, ಹೀಗಾಗಿ ಹೊಸಬರಿಗೂ ಇದು ಕೈಗೂಡುತ್ತದೆ. ಇದೇ ಕಾರಣಕ್ಕೆ ನ್ಯೂಜಿಲೆಂಡ್‌ನಂಥ ಕಡೆ ಇದು ತೋಟ ದಾಟಿ ಬಂಡೆಗಳಿಗೆ ಹಬ್ಬಿದೆ. ಕಾಡು ಅಥವಾ ತೊರೆಯ ಪಕ್ಕದಲ್ಲಿ ತೋಟವಿರುವವರು ಚುಕ್ಕೆ ಕಂದಾಗುವ ಮೊದಲೇ ಅಂಥ ಗರಿಗಳನ್ನು ತೆಗೆದುಬಿಡಬೇಕು. ಮರಿಗಿಡಗಳಲ್ಲಿ ಎರಡು ಮೂರು ಗರಿಗಳು ಬಂದಾಗ ಹಾಳೆಗೆ ದಿನಕ್ಕೊಂದು ರಂಧ್ರ ಮಾಡುತ್ತ ಹೊರಗಿನ ಹವೆಗೆ ಒಗ್ಗಿಸಿ, ಚಮಚದಿಂದ ಸಣ್ಣ ಗುಂಪುಗಳಾಗಿ ಎತ್ತಿ ಕುಂಡಕ್ಕೆ ಬದಲಾಯಿಸಿ. ಗೇಣುದ್ದದ ಗರಿಗಳು ಬಂದ ಮೇಲೆ ಅವನ್ನು ನೆಲಕ್ಕೆ ಇಳಿಸಬಹುದು.